ಪುಣೆಯ ಎಂಜಿನಿಯರ್ ತಂದ ಫೀಡ್, ಸಾಂಗ್ಲಿಯ ಹಳ್ಳಿಯ ಸೈರನ್

ಸೆಪ್ಟೆಂಬರ್ 5 ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಶಿಕ್ಷಕರ ದಿನಾಚರಣೆ. ರಾಧಾಕೃಷ್ಣನ್ ಅವರ ಫೋಟೊ, ಅದಕ್ಕೊಂದು ಹಾರ, ಮೇಷ್ಟ್ರ ಮೇಜಿನ ಮೇಲೆ ಗುಲಾಬಿ ಹೂವು. ಇವತ್ತು ಅದೇ ದಿನಾಂಕದ ಇನ್ನೆರಡು ಕಥೆ ಹೇಳ್ತೀನಿ. ಒಂದು 2006ರದ್ದು, ಇನ್ನೊಂದು ಸರಿಯಾಗಿ ಹತ್ತು ವರ್ಷ ಆದ ಮೇಲೆ, 2016ರದ್ದು. ರಾತ್ರಿ ಹನ್ನೊಂದಕ್ಕೆ "ಇದೊಂದು ನೋಡಿ ಮಲಗ್ತೀನಿ" ಅಂದವರು ಒಂದೂವರೆ ಆದರೂ ಫೋನ್ ಕೆಳಗಿಡಲ್ಲ ಅಲ್ವಾ, ಅದು ಯಾಕೆ ಅನ್ನೋದಕ್ಕೆ ಈ ಎರಡು ದಿನಗಳ ನಡುವೆ ಬಹಳಷ್ಟು ಉತ್ತರ ಇದೆ.

ಮೊದಲನೇ ಕಥೆಯಲ್ಲಿ ಮುಖ್ಯ ಪಾತ್ರ ನಾವಿರೋ ಈ ಪುಣೆಯವರದ್ದೇ. ರುಚಿ ಸಂಘ್ವಿ. ಹುಟ್ಟಿ ಬೆಳೆದಿದ್ದು ಪುಣೆಯಲ್ಲಿ, ಎಂಜಿನಿಯರಿಂಗ್ ಓದಿದ್ದು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ. 2005ರಲ್ಲಿ ಫೇಸ್‌ಬುಕ್ ಸೇರಿದಾಗ ಅವರು ಆ ಕಂಪನಿಯ ಮೊದಲ ಮಹಿಳಾ ಎಂಜಿನಿಯರ್. 2006ರ ಸೆಪ್ಟೆಂಬರ್ 5ರಂದು "ನ್ಯೂಸ್ ಫೀಡ್" ಅನ್ನೋ ಹೊಸ ವ್ಯವಸ್ಥೆಯನ್ನು ಪ್ರಕಟಿಸಿದ ಬರಹ ಬಂದಿದ್ದು ಅವರ ಹೆಸರಲ್ಲೇ. ಆಗ ಅವರ ವಯಸ್ಸು 24. ಹಿಂಜವಡಿಯಲ್ಲಿ ಇವತ್ತು ಎರಡನೇ ವರ್ಷದ ಅಪ್ರೈಸಲ್‌ಗೆ ಕಾಯ್ತಿರೋ ನಮ್ಮ ಹುಡುಗ ಹುಡುಗಿಯರ ವಯಸ್ಸು.

ಅದಕ್ಕೂ ಮುಂಚೆ ಫೇಸ್‌ಬುಕ್ ಹೇಗಿತ್ತು? ಸ್ನೇಹಿತ ಏನು ಮಾಡ್ತಿದ್ದಾನೆ ಅಂತ ತಿಳೀಬೇಕು ಅಂದ್ರೆ ಅವನ ಪುಟಕ್ಕೆ ನೀವೇ ಹೋಗಬೇಕಿತ್ತು. ಒಬ್ಬೊಬ್ಬರ ಮನೆಗೂ ಹೋಗಿ ಬಾಗಿಲು ತಟ್ಟಿದ ಹಾಗೆ. ನಾಲ್ಕು ಮನೆ ತಿರುಗೋ ಹೊತ್ತಿಗೆ ಸಾಕಾಗಿ ವಾಪಸ್ ಬರ್ತಿದ್ರಿ. ನ್ಯೂಸ್ ಫೀಡ್ ಬಂದ ಮೇಲೆ ಊರಿನ ಸುದ್ದಿಯೆಲ್ಲ ನಿಮ್ಮ ಮನೆ ಕಟ್ಟೆಗೇ ಬಂದು ಕೂತಿತು. ಯಾವ ಸುದ್ದಿ ಮೇಲೆ, ಯಾವುದು ಕೆಳಗೆ ಅನ್ನೋದನ್ನ ಕಂಪ್ಯೂಟರ್ ನಿರ್ಧರಿಸೋಕೆ ಶುರು ಮಾಡ್ತು.

ಜನ ಖುಷಿಪಟ್ರಾ? ಇಲ್ಲ, ಸಿಟ್ಟಾದ್ರು. ಆ ಹೊತ್ತಿಗೆ ಫೇಸ್‌ಬುಕ್ ಎಲ್ಲರಿಗೂ ತೆರೆದಿರಲಿಲ್ಲ, ಹೆಚ್ಚಾಗಿ ಕಾಲೇಜು ಹುಡುಗರದ್ದು. ಕೆಲವೇ ದಿನಗಳಲ್ಲಿ ಸುಮಾರು 7 ಲಕ್ಷ ಜನ ವಿರೋಧದ ಒಂದು ಗುಂಪಿಗೆ ಸೇರಿಕೊಂಡರು. ಸೆಪ್ಟೆಂಬರ್ 8ಕ್ಕೆ ಮಾರ್ಕ್ ಜುಕರ್‌ಬರ್ಗ್ ಬಹಿರಂಗ ಪತ್ರ ಬರೆದು ಕ್ಷಮೆ ಕೇಳಿ, ಯಾರಿಗೆ ಏನು ಕಾಣಬೇಕು ಅನ್ನೋ ಕೆಲವು ಆಯ್ಕೆ ಕೊಟ್ಟರು. ಆದರೆ ಫೀಡ್ ತೆಗೀಲಿಲ್ಲ. ಯಾಕೆ ಅಂದ್ರೆ, ಫೀಡ್ ಬೇಡ ಅನ್ನೋ ಆ ಗುಂಪು ಅಷ್ಟು ಬೇಗ ಬೆಳೆದಿದ್ದೇ ಫೀಡ್ ಮೂಲಕ! "ನಿಮ್ಮ ಸ್ನೇಹಿತ ಈ ಗುಂಪು ಸೇರಿದ್ದಾನೆ" ಅಂತ ಫೀಡೇ ಎಲ್ಲರಿಗೂ ಸಾರಿ ಹೇಳ್ತಿತ್ತು. ಬೇಡ ಅಂತ ಕೂಗ್ತಿದ್ದವರೇ ಮೊದಲಿಗಿಂತ ಹೆಚ್ಚು ಬಳಸ್ತಿದ್ದರು.

ಇಲ್ಲಿ ಸ್ವಲ್ಪ ನಿಲ್ಲಿ. ಇಡೀ ಇತಿಹಾಸದ ಬೀಗದ ಕೈ ಇಲ್ಲೇ ಇದೆ. ಬಾಯಿ "ಬೇಡ" ಅಂತು, ಬೆರಳು "ಬೇಕು" ಅಂತು. ಕಂಪನಿ ಬೆರಳಿನ ಮಾತು ನಂಬಿತು. ಅಲ್ಲಿಂದ ಈಚೆಗೆ ಬಂದ ಪ್ರತಿಯೊಂದು ಆ್ಯಪ್ ಕೂಡ ನಂಬಿರೋದು ಬೆರಳನ್ನೇ.

ಹಾಗಂತ ರುಚಿ ಸಂಘ್ವಿ ಮೇಲೆ ತಪ್ಪು ಹೊರಿಸೋಕೆ ಈ ಕಥೆ ಹೇಳ್ತಿಲ್ಲ. ಅವರು 2010ರಲ್ಲೇ ಆ ಕಂಪನಿ ಬಿಟ್ಟರು. ಅವತ್ತಿನ ಫೀಡಿನಲ್ಲಿ ಲೈಕ್ ಬಟನ್ ಕೂಡ ಇರಲಿಲ್ಲ, ಅದು ಬಂದಿದ್ದು 2009ರ ಫೆಬ್ರವರಿಯಲ್ಲಿ. ನಾವೂ ಇದೇ ಕಸುಬಿನವರು, ಇದು ಹೇಗೆ ನಡೆಯುತ್ತೆ ಅಂತ ಗೊತ್ತಿದೆ ಅಲ್ವಾ? ಯಾವ ಆಫೀಸಿನ ಸ್ಟ್ಯಾಂಡ್‌ಅಪ್ ಮೀಟಿಂಗಿನಲ್ಲೂ "ಈ ಸ್ಪ್ರಿಂಟಿನಲ್ಲಿ ಜನರ ನಿದ್ದೆ ಕೆಡಿಸೋಣ" ಅಂತ ಯಾರೂ ಹೇಳಲ್ಲ. ಟಿಕೆಟ್ ಮೇಲೆ ಬರೆದಿರೋದು ಒಂದು ಸಂಖ್ಯೆ ಮಾತ್ರ. ಸೆಶನ್ ಟೈಮ್ ಶೇಕಡಾ ಇಷ್ಟು ಏರಬೇಕು. ಎ ಆವೃತ್ತಿ ಅರ್ಧ ಜನಕ್ಕೆ, ಬಿ ಆವೃತ್ತಿ ಇನ್ನರ್ಧ ಜನಕ್ಕೆ, ಯಾವುದು ಗೆಲ್ಲುತ್ತೋ ಅದು ಲೈವ್. ಇಂಥ ಸಾವಿರಾರು ಸಣ್ಣ ಗೆಲುವುಗಳನ್ನ ಒಂದರ ಮೇಲೊಂದು ಪೇರಿಸಿದರೆ ಕೊನೆಗೆ ಬರೋದು, ಯಾರೂ ಕೂತು ಯೋಚಿಸಿ ಮಾಡದಿದ್ದರೂ ಎಲ್ಲರನ್ನೂ ಹಿಡಿದು ಕೂರಿಸೋ ಒಂದು ಯಂತ್ರ.

ಆ ಪೇರಿಕೆಯ ಮುಖ್ಯ ಇಟ್ಟಿಗೆಗಳನ್ನ ನೋಡೋಣ.

ಮೊದಲನೆಯದು, ಕೊನೆ ಇಲ್ಲದ ಪುಟ. 2006ರಲ್ಲೇ ಏಜಾ ರಾಸ್ಕಿನ್ ಅನ್ನೋ ವಿನ್ಯಾಸಕಾರರು ಇನ್ಫಿನಿಟ್ ಸ್ಕ್ರಾಲ್ ರೂಪಿಸಿದರು. ಆಮೇಲೆ ಅವರೇ ಅದರ ಬಗ್ಗೆ ಬೇಸರ ತೋಡಿಕೊಂಡಿದ್ದಾರೆ. ಪೇಪರ್ ಓದ್ತಾ ಇದ್ದರೆ ಕೊನೆ ಪುಟ ಬರುತ್ತೆ. ವಾರಪತ್ರಿಕೆಯ ಧಾರಾವಾಹಿಯಲ್ಲಿ "ಮುಂದುವರಿಯುವುದು" ಅಂತ ಬರುತ್ತೆ, ಮುಂದಿನ ವಾರದ ತನಕ ಕಾಯಲೇಬೇಕು. ಆ ಒಂದು ಪದದಲ್ಲಿ "ಈಗ ಏಳು, ಹೋಗಿ ಊಟ ಮಾಡು" ಅನ್ನೋ ಅನುಮತಿ ಇತ್ತು. ಸ್ಕ್ರಾಲ್ ಆ ಅನುಮತಿಯನ್ನ ತೆಗೆದು ಹಾಕ್ತು.

ಎರಡನೆಯದು, ಅನಿಶ್ಚಿತ ಬಹುಮಾನ. ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಮಾಡಿದ ಪ್ರಯೋಗ ಪ್ರಸಿದ್ಧ. ಗುಂಡಿ ಕುಕ್ಕಿದಾಗಲೆಲ್ಲ ಕಾಳು ಸಿಕ್ಕರೆ ಪಾರಿವಾಳ ಹಸಿವಾದಾಗ ಮಾತ್ರ ಕುಕ್ಕುತ್ತೆ. ಎಷ್ಟನೇ ಸಲಕ್ಕೆ ಕಾಳು ಬೀಳುತ್ತೆ ಅಂತ ಗೊತ್ತಾಗದ ಹಾಗೆ ಮಾಡಿದರೆ ಬಿಡದೆ ಕುಕ್ಕುತ್ತಲೇ ಇರುತ್ತೆ. ಸ್ಕಿನ್ನರ್ ಮತ್ತು ಚಾರ್ಲ್ಸ್ ಫರ್ಸ್ಟರ್ ಇದನ್ನೆಲ್ಲ ಒಟ್ಟು ಮಾಡಿ 1957ರಲ್ಲೇ ಪುಸ್ತಕ ತಂದಿದ್ದರು. ಹತ್ತು ರೀಲ್ಸಿನಲ್ಲಿ ಒಂಬತ್ತು ಸಪ್ಪೆ, ಹತ್ತನೆಯದು ಹೊಟ್ಟೆ ಹುಣ್ಣಾಗೋ ಹಾಗೆ ನಗಿಸುತ್ತೆ ಅಲ್ವಾ? ಆ ಹತ್ತನೆಯದಕ್ಕಿಂತ ಹೆಚ್ಚಾಗಿ ನಮ್ಮನ್ನ ಹಿಡಿದಿಡೋದು ಆ ಒಂಬತ್ತೇ.

ಮೂರನೆಯದು, ಅಳತೆಗೋಲು. ಯೂಟ್ಯೂಬ್ 2012ರಲ್ಲಿ ಎಷ್ಟು ಜನ ಕ್ಲಿಕ್ ಮಾಡಿದರು ಅನ್ನೋದನ್ನ ಬಿಟ್ಟು, ಎಷ್ಟು ಹೊತ್ತು ನೋಡಿದರು ಅನ್ನೋದನ್ನ ಮುಖ್ಯ ಅಳತೆ ಮಾಡಿಕೊಂಡಿತು. ನಿಮ್ಮ ಮುಂದೆ ಮಾತಾಡ್ತಿರೋ ನನಗೂ ಅದೇ ಅಳತೆ. ಪ್ರತಿ ವಿಡಿಯೊಗೂ ನನಗೊಂದು ಗ್ರಾಫ್ ಬರುತ್ತೆ, ಯಾವ ಸೆಕೆಂಡಿನಲ್ಲಿ ಎಷ್ಟು ಜನ ಎದ್ದು ಹೋದರು ಅಂತ. ಎದುರು ಕೂತು ಹರಿಕಥೆ ಕೇಳೋ ಜನ ಆಕಳಿಸಿದರೆ ದಾಸರು ಒಂದು ಪದ ಹಾಡಿ ಎಬ್ಬಿಸ್ತಿದ್ರು. ಇಲ್ಲಿ ಆಕಳಿಕೆಗೂ ಲೆಕ್ಕ ಇಟ್ಟಿದ್ದಾರೆ.

ನಾಲ್ಕನೆಯದು, ಸಿಟ್ಟಿನ ಬೆಲೆ. 2017ರಲ್ಲಿ ಫೇಸ್‌ಬುಕ್ಕಿನಲ್ಲಿ ಒಂದು ಸಿಟ್ಟಿನ ಇಮೋಜಿಗೆ ಐದು ಲೈಕಿನಷ್ಟು ತೂಕ ಇತ್ತು. ಇದು ಹೊರಗೆ ಬಂದಿದ್ದು 2021ರಲ್ಲಿ, ಫ್ರಾನ್ಸಿಸ್ ಹೌಗನ್ ಅನ್ನೋ ಮಾಜಿ ಉದ್ಯೋಗಿ ಕಂಪನಿಯ ಒಳಗಿನ ಕಾಗದಗಳನ್ನ ಹೊರಗೆ ತಂದಾಗ. 2020ರ ಸೆಪ್ಟೆಂಬರಿನಲ್ಲಿ ಆ ತೂಕವನ್ನ ಸೊನ್ನೆಗೆ ಇಳಿಸಿದರು. ಆಗ ಸುಳ್ಳು ಸುದ್ದಿ, ಮನಸ್ಸು ಕೆಡಿಸೋ ಪೋಸ್ಟು ಕಡಿಮೆ ಕಾಣಿಸ್ತು, ಜನರ ಬಳಕೆ ಮಾತ್ರ ಕಡಿಮೆ ಆಗಲಿಲ್ಲ. ಅಂದ್ರೆ ನಮ್ಮ ಮನೆಯವರ ವಾಟ್ಸ್‌ಆ್ಯಪ್ ಗುಂಪಿನ ತನಕ ಹರಿದು ಬಂದ ಜಗಳದಲ್ಲಿ ಒಂದು ಪಾಲು, ಎಲ್ಲೋ ಒಂದು ಕಡೆ ಬರೆದಿಟ್ಟಿದ್ದ "5" ಅನ್ನೋ ಅಂಕಿಯದ್ದು.

ಈಗ ಎರಡನೇ ಸೆಪ್ಟೆಂಬರ್ 5ಕ್ಕೆ ಬರೋಣ. 2016, ಜಿಯೊ ಶುರುವಾದ ದಿನ. ಅಲ್ಲಿ ತನಕ ನಮಗೆ ಒಂದು ತಡೆ ಇತ್ತು. ಡೇಟಾ ದುಬಾರಿ. ತಿಂಗಳಿಗೆ ಒಂದು ಜಿಬಿ ಹಾಕಿಸಿಕೊಂಡು, ವಿಡಿಯೊ ಅಂದ್ರೆ ವೈಫೈ ಹುಡುಕ್ತಿದ್ವಿ. ಜೇಬೇ ನಮ್ಮ ಸಂಯಮ ಆಗಿತ್ತು. ಮೊದಲ ಕೆಲವು ತಿಂಗಳು ಡೇಟಾ ಪುಕ್ಕಟೆ, ಆಮೇಲೆ ಅಗ್ಗ. ಆ ತಡೆ ಬಿದ್ದು ಹೋಯ್ತು.

ಇನ್ನೊಂದು ತಡೆಯನ್ನ ಟಿಕ್‌ಟಾಕ್ ಕಿತ್ತು ಹಾಕ್ತು. ಫೇಸ್‌ಬುಕ್ಕಿನ ಫೀಡ್ ತುಂಬಬೇಕು ಅಂದ್ರೆ ನಿಮಗೆ ಸ್ನೇಹಿತರು ಇರಬೇಕಿತ್ತು, ಅವರು ಏನಾದರೂ ಹಾಕಬೇಕಿತ್ತು. ಟಿಕ್‌ಟಾಕಿಗೆ ಸ್ನೇಹಿತರೇ ಬೇಡ. ನಿಮ್ಮ ಹೆಬ್ಬೆರಳು ಯಾವ ವಿಡಿಯೊ ಮೇಲೆ ಎಷ್ಟು ಸೆಕೆಂಡು ನಿಂತಿತು ಅನ್ನೋದು ಗೊತ್ತಾದರೆ ಸಾಕು. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನ ನಿಷೇಧಿಸಿತು. ಹೋಯ್ತಾ? ಹತ್ತು ದಿನ ತುಂಬೋ ಮುಂಚೆ, ಜುಲೈ 8ಕ್ಕೆ ಭಾರತದಲ್ಲಿ ಇನ್‌ಸ್ಟಾಗ್ರಾಮ್ ರೀಲ್ಸ್ ಬಂತು. ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಮೊಟ್ಟಮೊದಲು ಪರೀಕ್ಷೆಗೆ ಇಳಿದಿದ್ದು ಕೂಡ ಭಾರತದಲ್ಲೇ. ಲಾಕ್‌ಡೌನಿನಲ್ಲಿ ವಾಕಡಿನ ಫ್ಲ್ಯಾಟಿನಲ್ಲೋ, ಊರಿನ ಅಟ್ಟದ ಮೇಲೋ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ ನಮ್ಮ ಕೈಗೆ ಅದು ಬಂತು. ಅಂಗಡಿ ಮುಚ್ಚಿಸಿದರು, ವ್ಯಾಪಾರ ಪಕ್ಕದ ಅಂಗಡಿಗೆ ಹೋಯ್ತು.

ಸರಿ, ಇದರಿಂದ ಮನಸ್ಸಿಗೆ ಆಗಿದ್ದೇನು? ಇಲ್ಲಿ ಹೆದರಿಸೋ ಮಾತು ಬೇಡ, ಗೊತ್ತಿರೋದನ್ನಷ್ಟೇ ಹೇಳ್ತೀನಿ. ಹೌಗನ್ ತಂದ ಕಾಗದಗಳಲ್ಲಿ ಇನ್‌ಸ್ಟಾಗ್ರಾಮಿನದೇ ಒಂದು ಆಂತರಿಕ ಸಮೀಕ್ಷೆ ಇತ್ತು. ತಮ್ಮ ಮೈಕಟ್ಟಿನ ಬಗ್ಗೆ ಬೇಜಾರಾಗಿದ್ದಾಗ ಇನ್‌ಸ್ಟಾಗ್ರಾಮ್ ಆ ಬೇಜಾರನ್ನ ಇನ್ನೂ ಹೆಚ್ಚು ಮಾಡಿತು ಅಂದ ಹದಿಹರೆಯದ ಹುಡುಗಿಯರು ಶೇಕಡಾ 32. ಬೇರೆ ಹಲವು ವಿಷಯಗಳಲ್ಲಿ ಅನುಕೂಲ ಆಯ್ತು ಅಂದವರೂ ಇದ್ದಾರೆ ಅನ್ನೋದು ಕಂಪನಿಯ ಉತ್ತರ, ಅದೂ ನಿಜವೇ. 2018ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞರು ಒಂದಿಷ್ಟು ಜನಕ್ಕೆ ದುಡ್ಡು ಕೊಟ್ಟು ನಾಲ್ಕು ವಾರ ಫೇಸ್‌ಬುಕ್ ಬಿಡಿಸಿದರು. ದಿನಕ್ಕೆ ಸುಮಾರು ಒಂದು ಗಂಟೆ ಉಳೀತು, ಮನಸ್ಸಿಗೆ ಸ್ವಲ್ಪ ನೆಮ್ಮದಿ ಸಿಕ್ತು. ಸ್ವಲ್ಪವೇ, ಪವಾಡ ಏನಲ್ಲ. ಆದರೆ ಪ್ರಯೋಗ ಮುಗಿದ ಮೇಲೂ ಅವರು ಮೊದಲಿನಷ್ಟು ಬಳಸಲಿಲ್ಲ. ಅದೇ ತಂಡದ ಕೆಲವರು 2022ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದ ಲೆಕ್ಕ: ಸೋಶಿಯಲ್ ಮೀಡಿಯಾ ಬಳಕೆಯಲ್ಲಿ ಶೇಕಡಾ 31ರಷ್ಟು ಸಂಯಮ ತಪ್ಪಿದ್ದರಿಂದ ಆಗೋ ಬಳಕೆ. ನೂರು ನಿಮಿಷದಲ್ಲಿ 31 ನಿಮಿಷ, ಬಳಸ್ತಿರೋರಿಗೇ ಬೇಡದ್ದು.

ಆ 31 ನಿಮಿಷದ ಬಗ್ಗೆ ನಾವು ಏನಂತೀವಿ? "ನನಗೇ ಕಂಟ್ರೋಲ್ ಇಲ್ಲ ಮಾರಾಯ." ಅಮ್ಮನೂ ಅದನ್ನೇ ಹೇಳ್ತಾಳೆ, ಮ್ಯಾನೇಜರೂ ಅದನ್ನೇ ಹೇಳ್ತಾನೆ, ಸಂಯಮ ಕಲಿಸ್ತೀನಿ ಅನ್ನೋ ರೀಲ್ಸೂ ಅದನ್ನೇ ಹೇಳುತ್ತೆ. ಬೆಳಗ್ಗೆ ಎದ್ದು ಆ್ಯಪ್ ಡಿಲೀಟ್ ಮಾಡ್ತೀವಿ, ಭಾನುವಾರ ಮತ್ತೆ ಹಾಕ್ತೀವಿ, ಆಮೇಲೆ ನಮ್ಮನ್ನೇ ಬೈದುಕೊಳ್ತೀವಿ. ಸ್ಕ್ರಾಲ್ ಮಾಡಿದ್ದಕ್ಕಿಂತ ಆ ಬೈಗುಳವೇ ಎಷ್ಟೋ ಸಲ ಮನಸ್ಸನ್ನ ಹೆಚ್ಚು ಕುಗ್ಗಿಸುತ್ತೆ. ನನ್ನ ಪ್ರಶ್ನೆ ಇಷ್ಟೇ: ಇದು ನಿಜವಾಗಲೂ ಒಬ್ಬರ ಸಂಯಮದ ಪ್ರಶ್ನೆಯಾ?

2023ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಲಿಯೊನಾರ್ಡೊ ಬರ್ಸ್ಟಿನ್ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳಿಗೆ ಎರಡು ಪ್ರಶ್ನೆ ಕೇಳಿದರು. ಮೊದಲನೆಯದು: ನೀನೊಬ್ಬನೇ ನಾಲ್ಕು ವಾರ ಟಿಕ್‌ಟಾಕ್ ಬಿಡೋಕೆ ಎಷ್ಟು ಕೊಡಬೇಕು? ಸರಾಸರಿ 59 ಡಾಲರ್ ಕೇಳಿದರು. ಎರಡನೆಯದು: ನೀನೂ ಸೇರಿ ನಿನ್ನ ಕಾಲೇಜಿನವರೆಲ್ಲ ಒಟ್ಟಿಗೆ ಬಿಡೋದಾದ್ರೆ? ಆಗ ದುಡ್ಡು ಕೇಳೋದಿರಲಿ, ಹಾಗೆ ಆಗೋದಾದ್ರೆ ತಾವೇ ಸರಾಸರಿ 28 ಡಾಲರ್ ಕೈಯಿಂದ ಕೊಡ್ತೀವಿ ಅಂದರು! ಇನ್‌ಸ್ಟಾಗ್ರಾಮ್ ವಿಷಯದಲ್ಲೂ ಹೀಗೇ: ಒಬ್ಬರೇ ಬಿಡೋಕೆ 47 ಡಾಲರ್ ಬೇಕು, ಎಲ್ಲರೂ ಬಿಡೋದಾದ್ರೆ ತಾವೇ 10 ಡಾಲರ್ ಕೊಡ್ತಾರೆ. ಅಂದ್ರೆ ಒಬ್ಬನೇ ಹೊರಗೆ ಬಂದರೆ ನಷ್ಟ, ಎಲ್ಲರೂ ಬಂದರೆ ಲಾಭ. ಬೇಡದ ಕಡೆ ಎಲ್ಲರೂ ಕೂತಿರೋದು, ಉಳಿದವರು ಕೂತಿದ್ದಾರೆ ಅಂತ. ನಮ್ಮಲ್ಲಿ ಗಾದೆಯೇ ಇದೆ, ಹತ್ತು ಜನಕ್ಕೆ ಹುಲ್ಲುಕಡ್ಡಿ, ಒಬ್ಬನಿಗೆ ತಲೆಹೊರೆ.

ಈ ಗಾದೆಯನ್ನ ಷಿಕಾಗೊದ ಪ್ರಯೋಗಕ್ಕೆ ಒಂದು ವರ್ಷ ಮುಂಚೆಯೇ ಜಾರಿಗೆ ತಂದ ಒಂದು ಹಳ್ಳಿ ನಮ್ಮ ಹತ್ತಿರದಲ್ಲೇ ಇದೆ. ಸಾಂಗ್ಲಿ ಜಿಲ್ಲೆಯ ಕಡೇಗಾಂವ್ ತಾಲ್ಲೂಕಿನ ಮೋಹಿತ್ಯಾಂಚೆ ವಡಗಾಂವ್, ಸುಮಾರು 3,000 ಜನಸಂಖ್ಯೆ. ಹಬ್ಬಕ್ಕೆ ಊರಿಗೆ ಹೋಗೋವಾಗ ನಮ್ಮ ಸ್ಲೀಪರ್ ಬಸ್ಸು ಸಾತಾರ, ಕರಾಡ್ ದಾಟುತ್ತಲ್ಲ, ಆ ಹೆದ್ದಾರಿಯಿಂದ ಪೂರ್ವಕ್ಕೆ ಇದೆ. ಕೊರೊನಾ ಕಾಲದಲ್ಲಿ ಆನ್‌ಲೈನ್ ಕ್ಲಾಸಿಗೆ ಅಂತ ಮಕ್ಕಳ ಕೈಗೆ ಬಂದ ಫೋನು ಶಾಲೆ ತೆರೆದ ಮೇಲೂ ವಾಪಸ್ ಹೋಗಲಿಲ್ಲ. ಸರಪಂಚ ವಿಜಯ್ ಮೋಹಿತೆ ಅವರು ಗ್ರಾಮಸಭೆಯಲ್ಲಿ ವಿಷಯ ಇಟ್ಟರು. 2022ರ ಆಗಸ್ಟ್ 15ರಿಂದ ಒಂದು ನಿಯಮ ಬಂತು. ಸಂಜೆ 7ಕ್ಕೆ ದೇವಸ್ಥಾನದ ಮೇಲಿಂದ ಸೈರನ್ ಕೂಗುತ್ತೆ. ಮನೆಮನೆಯಲ್ಲಿ ಟಿವಿ ಬಂದ್, ಮೊಬೈಲ್ ಬಂದ್. ಮಕ್ಕಳು ಪುಸ್ತಕ ಹಿಡೀತಾರೆ, ದೊಡ್ಡವರು ಮಾತಾಡ್ತಾರೆ. 8.30ಕ್ಕೆ ಇನ್ನೊಂದು ಸೈರನ್, ಆಮೇಲೆ ನಿಮ್ಮಿಷ್ಟ. ಮೊದಮೊದಲು ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು, ಪಂಚಾಯಿತಿ ನೌಕರರು ಮನೆಮನೆಗೆ ಹೋಗಿ ಹೇಳಬೇಕಾಯ್ತು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮ ಏನು? ಆ ಸೈರನ್ ಯಾರ ಫೋನನ್ನೂ ಕಿತ್ತುಕೊಳ್ಳಲ್ಲ, ಸೀರಿಯಲ್ ನಿಷೇಧಿಸಲ್ಲ. ಅದು ಮಾಡೋದು ಎರಡೇ ಕೆಲಸ. ಸ್ಕ್ರಾಲ್ ಕಸಿದುಕೊಂಡಿದ್ದ "ಇಲ್ಲಿಗೆ ಮುಗೀತು" ಅನ್ನೋದನ್ನ ವಾಪಸ್ ಕೊಡುತ್ತೆ. ಮತ್ತೆ, ಎಲ್ಲರೂ ಒಟ್ಟಿಗೆ ಇಡೋದ್ರಿಂದ "ನಾನೊಬ್ಬನೇ ಏನೋ ಕಳಕೊಳ್ತಿದ್ದೀನಿ" ಅನ್ನೋ ಭಾವನೆಯನ್ನ ಇಲ್ಲವಾಗಿಸುತ್ತೆ. ಆ ಹಳ್ಳಿಯವರು ಅರ್ಥಶಾಸ್ತ್ರದ ಪ್ರಬಂಧ ಓದಿರಲಿಲ್ಲ. ಕೆರೆ ನೀರು ಸರದಿ ಪ್ರಕಾರ ಬಿಡೋದು ಹಳ್ಳಿಗೆ ಹೊಸದಲ್ಲ, ಹಾಗೇ ಗಮನವನ್ನೂ ಸರದಿಗೆ ಹಚ್ಚಿದರು.

ಸಾಂಗ್ಲಿ ಜಿಲ್ಲೆಯ ಬೇರೆ ಹಳ್ಳಿಗೂ ಇದು ಹಬ್ಬಿತು. 2024ರ ಡಿಸೆಂಬರಿನಲ್ಲಿ ಗಡಿ ದಾಟಿ ಬೆಳಗಾವಿ ಪಕ್ಕದ ಹಲಗಾಕ್ಕೆ ಬಂತು. ನಮ್ಮ ಸುವರ್ಣ ವಿಧಾನಸೌಧ ಇರೋ ಹಲಗಾ. ಅಲ್ಲೂ ಸಂಜೆ 7ಕ್ಕೆ ಸೈರನ್, 9ರ ತನಕ ಟಿವಿ, ಮೊಬೈಲ್ ಬಂದ್. ಗಡಿ ಜಗಳದ ಸುದ್ದಿಯಲ್ಲೇ ಕಾಣಿಸಿಕೊಳ್ಳೋ ಊರುಗಳು ಒಂದರಿಂದ ಒಂದು ಒಳ್ಳೇದನ್ನ ಕಲಿತಿದ್ದು ಎಷ್ಟು ಜನರ ಫೀಡಿಗೆ ಬಂತೋ! ಸಿಟ್ಟು ಬರಿಸದ ಸುದ್ದಿ ನೋಡಿ.

"ಅದು ಹಳ್ಳಿ, ಇದು ಪುಣೆ. ಇಲ್ಲಿ ಪಕ್ಕದ ಫ್ಲ್ಯಾಟಿನವರ ಹೆಸರೇ ಗೊತ್ತಿಲ್ಲ" ಅಂತೀರಾ? ಹಾಗಾದ್ರೆ ಪುಣೆಯದ್ದೇ ಒಂದು ಕಥೆ ಕೇಳಿ. 1980ರ ದಶಕದಲ್ಲಿ ಈ ಊರಿನ ಹುಡುಗರಲ್ಲಿ ಬ್ರೌನ್ ಶುಗರ್ ಚಟ ಹಬ್ಬಿತ್ತು, ಇಲ್ಲಿನ ಮಾತಲ್ಲಿ "ಗರ್ದ". ಕೆಟ್ಟ ಹುಡುಗ, ಮನೆಹಾಳ ಅಂತ ಅವರನ್ನ ತಳ್ಳಿ ಹಾಕ್ತಿದ್ದ ಕಾಲ. ಡಾಕ್ಟರ್ ಓದಿ ಪತ್ರಕರ್ತರಾದ ಅನಿಲ್ ಅವಚಟ್ ಆ ಹುಡುಗರ ಬಗ್ಗೆ ಮರಾಠಿಯಲ್ಲಿ ಬರೆದರು. ಅವರ ಪತ್ನಿ ಡಾ. ಸುನಂದಾ ಅವಚಟ್ ಯೇರವಾಡದ ಮನೋರೋಗ ಆಸ್ಪತ್ರೆಯಲ್ಲಿ ಕೆಲಸ ಮಾಡ್ತಿದ್ದರು. ಆ ಬರಹ ಓದಿ ಮನಸ್ಸು ಕರಗಿದವರು ಪು.ಲ. ದೇಶಪಾಂಡೆ, ಒಂದಿಷ್ಟು ಕಾಲ ನಮ್ಮ ಬೆಳಗಾವಿಯ ಕಾಲೇಜಿನಲ್ಲೂ ಪಾಠ ಮಾಡಿದ್ದ ದೊಡ್ಡ ಹಾಸ್ಯ ಲೇಖಕ. ಅವರ ನೆರವಿನಿಂದ 1986ರಲ್ಲಿ ಯೇರವಾಡದಲ್ಲಿ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರ ಶುರುವಾಯ್ತು. ಬೀಗ ಹಾಕಿ ಕೂಡಿಡೋ ಜಾಗ ಆಗಲಿಲ್ಲ ಅದು. ಚಟ ಬಿಟ್ಟವರು ಚಟದಲ್ಲಿ ಇರೋರ ಜೊತೆ ಕೂತರು, ಮನೆಯವರನ್ನೂ ಕರೆಸಿ ಕೂರಿಸಿಕೊಂಡರು, ಮನೆಗೆ ಹೋದ ಮೇಲೂ ಸಭೆಗೆ ಬರ್ತಾ ಇರಿ ಅಂದರು. ಸಂಯಮವನ್ನ ಒಬ್ಬನ ತಲೆ ಮೇಲೆ ಹೊರಿಸದೆ ಸುತ್ತಲಿನವರಿಗೆ ಹಂಚಿದರು.

ಫೋನು ಬ್ರೌನ್ ಶುಗರ್ ಅಲ್ಲ, ಅದನ್ನ ಸ್ಪಷ್ಟ ಮಾಡಿಬಿಡ್ತೀನಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಗೇಮಿಂಗ್ ಸಮಸ್ಯೆ ಇದೆ, ಸೋಶಿಯಲ್ ಮೀಡಿಯಾ ಚಟ ಅಂತ ಪ್ರತ್ಯೇಕ ಕಾಯಿಲೆ ಇಲ್ಲ. ಅದಕ್ಕಿಂತ ಮುಖ್ಯವಾಗಿ, ನಮಗೆ ಫೋನ್ ಬಿಡೋಕೇ ಆಗಲ್ಲ. ರಾಯಚೂರಲ್ಲೋ ಶಿರಸಿಯಲ್ಲೋ ಇರೋ ಅಪ್ಪ ಅಮ್ಮನ ಮುಖ ಕಾಣೋದು ಅದರಲ್ಲೇ. ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಇಡೀ ದಿನ ಕಳೆದವರಿಗೆ ರಾತ್ರಿ ಒಂದು ಕನ್ನಡ ಹಾಸ್ಯದ ತುಣುಕು ಸಿಕ್ಕಾಗ ಆಗೋ ಸಮಾಧಾನ ಸುಳ್ಳಲ್ಲ. ತೊಂದರೆ ಏನಂದ್ರೆ, ಅಮ್ಮನ ಕಾಲ್ ಮುಗಿಸಿದ ಅದೇ ಕೈ, ಅದೇ ಪರದೆ ಮೇಲೆ, ಮುಂದಿನ ಎರಡು ಗಂಟೆ ಯಾರದ್ದೋ ಕಾರು, ಯಾರದ್ದೋ ಆನ್‌ಸೈಟು, ಯಾರದ್ದೋ ಮದುವೆ ನೋಡ್ತಾ ತನ್ನ ಬದುಕನ್ನ ತೂಗಿ ನೋಡುತ್ತೆ. ಒಂಟಿಯಾಗಿ ಕೂತವನ ಮೇಲೆ ಈ ಯಂತ್ರಕ್ಕೆ ಹಿಡಿತ ಜಾಸ್ತಿ. ಪಕ್ಕದಲ್ಲಿ ಕೂತು "ಸಾಕು ಬಾರೋ, ಊಟ ಮಾಡೋಣ" ಅನ್ನೋರು ಇಲ್ಲಿ ಯಾರೂ ಇಲ್ಲ. ಇತಿಹಾಸ ನೋಡಿದರೆ ಊರು ಬಿಟ್ಟಾಗ ನಾವು ಕಳಕೊಂಡಿದ್ದು ಸಂಯಮವನ್ನಲ್ಲ, ಆ ಒಂದು ಮಾತನ್ನ.

ಆ ಮಾತನ್ನ ಇಲ್ಲಿ ಮತ್ತೆ ಹುಟ್ಟಿಸಬಹುದು. ನಾಲ್ಕು ಜನ ಇರೋ ಫ್ಲ್ಯಾಟಾ? ರಾತ್ರಿ ಒಂಬತ್ತೂವರೆಯಿಂದ ಹತ್ತೂವರೆ ತನಕ ನಾಲ್ಕೂ ಫೋನು ಅಡುಗೆಮನೆ ಶೆಲ್ಫ್ ಮೇಲೆ, ರಿಂಗ್ ಮಾತ್ರ ಜೋರಾಗಿರಲಿ, ಮನೆಯಿಂದ ಕಾಲ್ ಬಂದರೆ ಎತ್ತಿ. ಒಬ್ಬರೇ ಇದ್ದೀರಾ? ಊರಿನ ಗೆಳೆಯನನ್ನ ಜೊತೆಗೆ ಹಾಕಿಕೊಳ್ಳಿ, ಇಬ್ಬರೂ ಒಂದೇ ಹೊತ್ತಿಗೆ ಇಡಿ, ಬೆಳಗ್ಗೆ ಒಬ್ಬರನ್ನೊಬ್ಬರು ಕೇಳಿ. ಮಕ್ಕಳಿದ್ದರೆ ಮೊದಲು ನಿಮ್ಮ ಫೋನ್ ಇಡಿ, ಹಳ್ಳಿಯ ಸೈರನ್ ದೊಡ್ಡವರಿಗೂ ಕೂಗ್ತಿತ್ತು. ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋದಾಗ ಒಂದು ಗಂಟೆ ಯಾರೂ ವಿಡಿಯೊ ಮಾಡಬಾರದು ಅಂತ ನಾಲ್ಕು ಜನ ಸೇರಿ ಮಾತಾಡಿಕೊಳ್ಳಿ. ನಿದ್ದೆ, ಕೆಲಸ, ಊಟ ಎಲ್ಲ ಏರುಪೇರಾಗಿ ಇದ್ಯಾವುದೂ ಸಾಲದು ಅನ್ನಿಸಿದರೆ ನಾಚಿಕೆ ಬೇಡ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಇದಕ್ಕೆ ಅಂತ "ಶಟ್" ಕ್ಲಿನಿಕ್ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಪುಣೆಯಿಂದಲೂ ಕರೆ ಮಾಡಬಹುದು, ಕನ್ನಡ ಆರಿಸಿಕೊಂಡು ಮಾತಾಡಬಹುದು.

ಕಂಪನಿಗಳನ್ನ ಕಾನೂನು ಬಗ್ಗಿಸಬೇಕು, ನಿಜ. ಆ "5" ಅನ್ನೋ ಅಂಕಿ ಸೊನ್ನೆ ಆಗಿದ್ದು ಒಳಗಿನವರು ಒತ್ತಾಯಿಸಿದ್ದಕ್ಕೆ. ಹಿಂಜವಡಿ, ಖರಾಡಿಯ ಕಟ್ಟಡಗಳಲ್ಲಿ ಕೂತು ಇಂಥ ಅಂಕಿಗಳನ್ನ ಬರೆಯೋ ಕೆಲಸ ನಮ್ಮಲ್ಲೂ ಕೆಲವರದ್ದು. ಮುಂದಿನ ಮೀಟಿಂಗಿನಲ್ಲಿ "ಇದು ಏರಿದ್ರೆ ಯಾರ ನಿದ್ದೆ ಕಡಿಮೆ ಆಗುತ್ತೆ?" ಅಂತ ಒಬ್ಬರು ಕೇಳಿದರೂ ಅದು ಸಣ್ಣ ಕೆಲಸ ಅಲ್ಲ.

ಇವತ್ತಿಗೆ ಇಷ್ಟು. ಈಗ ಈ ವಿಡಿಯೊ ಮುಗಿದ ತಕ್ಷಣ ಇನ್ನೊಂದು ತಾನಾಗೇ ಶುರುವಾಗುತ್ತೆ, ಅದು ನನ್ನದೇ ಇದ್ದರೂ ಇರಬಹುದು. ಅದನ್ನ ನಾಳೆ ನೋಡಿದರಾಯ್ತು. ಆಟೊಪ್ಲೇ ಆಫ್ ಮಾಡಿ, ಪಕ್ಕದ ರೂಮಿನವರನ್ನ ಕರೀರಿ, ಊಟ ಆಯ್ತಾ ಅಂತ ಕೇಳಿ.